ಅಪ್ಪಣೆಯ ದೇಶಾಭಿಮಾನ

ಚೀನ ದೇಶದ ಒಬ್ಬ ಪತ್ರಿಕಾ ಸಂಪಾದಕರ ವೃತ್ತಿಜೀವನವನ್ನು ಕುರಿತು ಚಿಕ್ಕಮಗಳೂರು ಸೀಮೆಯ ವಾಚಕರಿಗೆ ನಾವು ಹೇಳಬೇಕಾದದ್ದೇನಿದೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಹು ಶಿಜಿನ್ ಎಂಬ ಹೆಸರನ್ನು ನಮ್ಮ ಮಲೆನಾಡಿಗರು ಕೇಳಿರಲಿ, ಕೇಳದಿರಲಿ, ಆತನ ಮಾತಿನ ಬಿಸಿ ಈ ಗುಡ್ಡಗಳವರೆಗೂ ತಟ್ಟಿದ್ದುಂಟು. 2020ನೆಯ ಇಸವಿ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಕರ್ನಲ್ ಸಂತೋಷ್ ಬಾಬು ಅವರೂ ಸೇರಿ ನಮ್ಮ 20 ಮಂದಿ ಯೋಧರು ಪ್ರಾಣವನ್ನರ್ಪಿಸಿದರು. ಆ ದುಃಖದಲ್ಲಿ ಚೀನದ ಸರಕುಗಳ ಬಹಿಷ್ಕಾರದ ಕೂಗು ದೇಶದ ಉದ್ದಗಲಕ್ಕೂ ಎದ್ದಿತು. ತೋಟದಲ್ಲಿ ಕಳೆ ಕೊಚ್ಚುವ ಯಂತ್ರದಿಂದ ಹಿಡಿದು ಅಂಗಿಯ ಜೇಬಿನಲ್ಲಿರುವ ಫೋನಿನವರೆಗೆ ಯಾವುದು ಚೀನದ್ದು, ಯಾವುದು ಅಲ್ಲ ಎಂದು ನಮ್ಮ ಬೆಳೆಗಾರರೂ ತಿರುಗಿಸಿ ನೋಡತೊಡಗಿದ ದಿನಗಳವು.

ಅದೇ ಸಮಯದಲ್ಲಿ, ನಮ್ಮ ಸರ್ಕಾರವು ಚೀನದ 59 ಫೋನ್ ಆ್ಯಪ್‌ಗಳನ್ನು ನಿಷೇಧಿಸಿದ ಬೆನ್ನಲ್ಲೇ, ಹು ಮಹಾಶಯರು ಅಂದು ಟ್ವಿಟರ್ ಎಂದು ಕರೆಯಿಸಿಕೊಳ್ಳುತ್ತಿದ್ದ ಜಾಲದಲ್ಲಿ ನಮ್ಮನ್ನುದ್ದೇಶಿಸಿ ಒಂದು ಮಾತನ್ನು ಎಸೆದರು. ಚೀನದ ಜನರು ಭಾರತದ ಸರಕನ್ನು ಬಹಿಷ್ಕರಿಸಬೇಕೆಂದು ಬಯಸಿದರೂ ಬಹಿಷ್ಕರಿಸಲು ಅಲ್ಲಿ ಭಾರತದ ಸರಕೇ ಹೆಚ್ಚಾಗಿ ಸಿಕ್ಕದು. ಆದಕಾರಣ ಭಾರತೀಯ ಮಿತ್ರರು ರಾಷ್ಟ್ರೀಯತೆಗಿಂತ ಮುಖ್ಯವಾದ ಬೇರೇನನ್ನಾದರೂ ಸಂಪಾದಿಸಿಕೊಳ್ಳಲಿ, ಎಂಬುದು ಅದರ ತಾತ್ಪರ್ಯ. ನಮ್ಮ ಉದ್ಯಮಿ ಆನಂದ್ ಮಹೀಂದ್ರಾ ಅವರು ಕೋಪಿಸಿಕೊಳ್ಳಲಿಲ್ಲ. ಭಾರತದ ಉದ್ಯಮಗಳಿಗೆ ಇದಕ್ಕಿಂತ ಉತ್ತಮವಾದ ಹುರಿದುಂಬಿಸುವ ಕೂಗು ಮತ್ತೊಂದಿಲ್ಲವೆಂಬರ್ಥದಲ್ಲಿ ಉತ್ತರವಿತ್ತು ಕೃತಜ್ಞತೆಯನ್ನೇ ಹೇಳಿದರು. ಉತ್ತರ ಸೊಗಸಾಗಿದ್ದಿತು. ಆದರೆ ಹು ಅವರ ಮಾತಿನಲ್ಲಿದ್ದ ಒಂದು ವಿನೋದವನ್ನು ಆ ದಿನ ಬಹು ಮಂದಿ ಗಮನಿಸಲಿಲ್ಲ. ಜೀವಮಾನವೆಲ್ಲ ರಾಷ್ಟ್ರೀಯತೆಯನ್ನೇ ವ್ಯಾಪಾರ ಮಾಡಿದ ಒಬ್ಬ ಪತ್ರಕರ್ತರು ಪರರಿಗೆ ಮಾತ್ರ ಅದರ ಅತಿಸೇವನೆ ಒಳ್ಳೆಯದಲ್ಲವೆಂದು ಬೋಧಿಸುತ್ತಿದ್ದರು! ಅಲ್ಲದೆ, ಅವರು ಆ ಬೋಧೆಯನ್ನು ಮಾಡಿದ ಜಾಲವು ಅವರ ಸ್ವದೇಶದ ಪ್ರಜೆಗಳಿಗೆ ನಿಷಿದ್ಧವಾಗಿದ್ದಿತು.

ಇಂತಹ ಮನುಷ್ಯನನ್ನು ಬರಿದೆ ಬೈದು ಮುಗಿಸುವುದು ಸುಲಭ. ನಾವು ಹಾಗೆ ಮಾಡಲೊಲ್ಲೆವು. ಈತನ ಚರಿತ್ರೆಯಲ್ಲಿ ನಮ್ಮ ದೇಶದ ಪತ್ರಿಕಾವೃತ್ತಿಗೂ, ನಮ್ಮಂತೆ ರಾಷ್ಟ್ರಾಭಿಮಾನವನ್ನು ಹೇಳಿಕೊಳ್ಳುವವರೆಲ್ಲರಿಗೂ ಒಂದು ಪಾಠವಿದೆಯೆಂದು ನಾವು ದೃಢವಾಗಿ ನಂಬಿದ್ದೇವೆ.

ಹು ಶಿಜಿನ್ ಅವರು 1960ರಲ್ಲಿ ಬೀಜಿಂಗ್ ನಗರದಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಸೈನ್ಯಕ್ಕೆ ಸೇರಿ ಸೈನ್ಯದ ವಿದ್ಯಾಲಯವೊಂದರಲ್ಲಿ ಓದಿದರು. ಆಮೇಲೆ ರಷ್ಯನ್ ಸಾಹಿತ್ಯದಲ್ಲಿ ಉನ್ನತ ಪದವಿಯನ್ನು ಪಡೆದರು. ಆ ಪದವಿ ಅವರಿಗೆ ದೊರೆತದ್ದು 1989ರಲ್ಲಿ. ಅದೇ ವರ್ಷ ತಿಯಾನನ್ಮೆನ್ ಚೌಕದಲ್ಲಿ ಪ್ರಜಾಸ್ವಾತಂತ್ರ್ಯವನ್ನು ಬೇಡಿ ನೆರೆದಿದ್ದ ವಿದ್ಯಾರ್ಥಿ ಸಮೂಹದಲ್ಲಿ ತಾವೂ ಇದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ಆ ಚಳವಳಿಯನ್ನು ಬಂದೂಕು ಟ್ಯಾಂಕುಗಳಿಂದ ಅಡಗಿಸಿದ ಮೇಲೆ ಅವರು ಆಳುವ ಪಕ್ಷದ ಮುಖಪತ್ರವಾದ ‘ಪೀಪಲ್ಸ್ ಡೈಲಿ’ಯನ್ನು ಸೇರಿದರು. 1993ರಿಂದ ಸುಮಾರು ಮೂರು ವರ್ಷ ಯುಗೋಸ್ಲಾವಿಯದಲ್ಲಿ ಬಾತ್ಮೀದಾರರಾಗಿದ್ದು ಬೋಸ್ನಿಯದ ಯುದ್ಧವನ್ನು ಕಣ್ಣಾರೆ ಕಂಡರು. ಒಂದು ರಾಷ್ಟ್ರವು ಒಡೆದು ಚೂರಾಗಿ, ನೆರೆಯವರು ನೆರೆಯವರ ಕೊರಳನ್ನು ಕೊಯ್ದ ಆ ದೃಶ್ಯವು ಅವರ ಮನಸ್ಸನ್ನು ತಿರುಗಿಸಿತು. ದೇಶವು ಒಡೆಯದಿರಬೇಕಾದರೆ ಪಕ್ಷದ ಕೈ ಬಲವಾಗಿರಬೇಕು ಎಂಬ ಸಿದ್ಧಾಂತಕ್ಕೆ ಅವರು ಬಂದರು. ಈ ಸಿದ್ಧಾಂತವನ್ನು ನಾವು ಒಪ್ಪಲಾರೆವು. ಆದರೆ ಅದು ಸುಳ್ಳು ವೇಷವೆಂದೂ ಹೇಳಲಾರೆವು. ದೇಶ ಒಡೆಯುವ ಭಯವೆಂದರೇನೆಂಬುದನ್ನು 1947ನ್ನು ಕಂಡ ದೇಶದವರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.

‘ಪೀಪಲ್ಸ್ ಡೈಲಿ’ಯ ಆಶ್ರಯದಲ್ಲಿ 1993ರಲ್ಲಿ ಆರಂಭವಾಗಿದ್ದ ‘ಗ್ಲೋಬಲ್ ಟೈಮ್ಸ್’ ಪತ್ರಿಕೆಗೆ ಹು ಅವರು 2005ರಲ್ಲಿ ಪ್ರಧಾನ ಸಂಪಾದಕರಾದರು. 2009ರಲ್ಲಿ ಅದರ ಇಂಗ್ಲಿಷ್ ಆವೃತ್ತಿಯೂ ಹೊರಟಿತು. ಮುಖಪತ್ರದ ಒಣ ಗದ್ಯವನ್ನು ಯಾರೂ ಆಸಕ್ತಿಯಿಂದ ಓದುವುದಿಲ್ಲವೆಂಬುದನ್ನು ಅವರು ಬೇಗನೆ ಅರಿತುಕೊಂಡರು. ಬೀದಿಯ ಮಾತಿನ ಕಸುವು, ಚೇಳಿನ ಕೊಂಡಿಯಂತಹ ಉಪಮೆ, ಪ್ರತಿದಿನವೂ ಒಬ್ಬ ಶತ್ರು, ಇವು ಅವರ ಬರವಣಿಗೆಯ ಮೂಲಧನವಾದವು. ಕೋವಿಡ್ ರೋಗದ ಮೂಲವನ್ನು ವಿಚಾರಿಸಬೇಕೆಂದು 2020ರಲ್ಲಿ ಆಸ್ಟ್ರೇಲಿಯ ಕೇಳಿದಾಗ, ಆ ದೇಶವು ಚೀನದ ಪಾದರಕ್ಷೆಗೆ ಅಂಟಿಕೊಂಡ ಚ್ಯೂಯಿಂಗ್ ಗಮ್ ಇದ್ದಂತೆ ಎಂದು ಬರೆದರು. ಅದೇ ವರ್ಷ, ಚೀನವು ತನ್ನ ಅಣ್ವಸ್ತ್ರಗಳ ಸಂಖ್ಯೆಯನ್ನು 1,000ಕ್ಕೆ ಏರಿಸಬೇಕೆಂದು ಕರೆಯಿತ್ತರು. ಚೀನದ ವೈಬೊ ಜಾಲದಲ್ಲಿ ಅವರನ್ನು ಹಿಂಬಾಲಿಸುವವರ ಸಂಖ್ಯೆ ಎರಡು ಕೋಟಿಯನ್ನು ಮೀರಿತು. ಸರ್ಕಾರದ ಮನಸ್ಸಿನಲ್ಲಿರುವುದನ್ನು ತಿಳಿಯಲು ಪರದೇಶದ ರಾಯಭಾರಿಗಳೂ ಬಾತ್ಮೀದಾರರೂ ಅವರ ಸಾಲುಗಳನ್ನು ಜೋಯಿಸರ ಪಂಚಾಂಗದಂತೆ ಓದತೊಡಗಿದರು.

ಇನ್ನು ನ್ಯಾಯವಾಗಿ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿಬಿಡುತ್ತೇವೆ. ಗಲ್ವಾನಿನ ಘಟನೆಯಾದ ಮರುದಿನ, ಚೀನದ ಸರ್ಕಾರವು ತನ್ನ ಕಡೆಯ ಸಾವುನೋವುಗಳ ಬಗ್ಗೆ ತುಟಿಪಿಟಕ್ಕೆನ್ನದಿದ್ದಾಗ, ತಮಗೆ ತಿಳಿದಮಟ್ಟಿಗೆ ಚೀನದ ಕಡೆಯಲ್ಲಿಯೂ ಹಾನಿಯಾಗಿದೆಯೆಂದು ಹೇಳಿದವರು ಇವರೇ. ಚೀನವು ತನ್ನ ನಾಲ್ವರು ಸತ್ತರೆಂದು ಅಧಿಕೃತವಾಗಿ ಒಪ್ಪಿಕೊಂಡದ್ದು ಎಂಟು ತಿಂಗಳು ಕಳೆದು, 2021ರ ಫೆಬ್ರವರಿಯಲ್ಲಿ.

ಎರಡನೆಯದು ನಮ್ಮ ಹೃದಯಕ್ಕೆ ಇನ್ನೂ ಹತ್ತಿರವಾದುದು. 2021ರ ಮೇ ತಿಂಗಳ ಆರಂಭವನ್ನು ಯಾರು ಮರೆತಾರು? ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷ ಮಂದಿ ಹೊಸದಾಗಿ ರೋಗಕ್ಕೆ ತುತ್ತಾಗುತ್ತಿದ್ದರು. ಚಿತೆಗಳಿಗೆ ಸೌದೆಯೂ ಸ್ಥಳವೂ ಸಾಲುತ್ತಿರಲಿಲ್ಲ. ಆ ಸಮಯದಲ್ಲಿ ಚೀನದ ಆಳುವ ಪಕ್ಷದ ಒಂದು ಉನ್ನತ ಆಯೋಗಕ್ಕೆ ಸೇರಿದ ವೈಬೊ ಖಾತೆಯು, ತಮ್ಮ ಆಕಾಶನೌಕೆ ಬೆಂಕಿಯುಗುಳಿ ಮೇಲೇರುವ ಚಿತ್ರದ ಪಕ್ಕದಲ್ಲಿ ಭಾರತದ ಚಿತೆಗಳ ಬೆಂಕಿಯ ಚಿತ್ರವನ್ನಿಟ್ಟು, ಚೀನ ಹೊತ್ತಿಸುವ ಬೆಂಕಿಯನ್ನೂ ಭಾರತ ಹೊತ್ತಿಸುವ ಬೆಂಕಿಯನ್ನೂ ಹೋಲಿಸಿ ನಕ್ಕಿತು. ಇದು ಯುಕ್ತವಲ್ಲ, ಈ ಹೊತ್ತಿನಲ್ಲಿ ಮಾನವೀಯತೆಯ ಧ್ವಜವನ್ನೆತ್ತಿ ಹಿಡಿದು ಭಾರತಕ್ಕೆ ಸಹಾನುಭೂತಿಯನ್ನು ತೋರಿಸತಕ್ಕದ್ದು ಎಂದು ಹು ಅವರು ಬಹಿರಂಗವಾಗಿ ಬರೆದರು. ಆ ಚಿತ್ರವು ಮಾಯವಾಯಿತು. ಆದರೆ ಹು ಅವರಿಗೆ ದೊರೆತ ಬಹುಮಾನವೇನು? ಅವರೇ ಹಾಲೆರೆದು ಬೆಳೆಸಿದ್ದ ಓದುಗರು ಅವರ ಮೇಲೆಯೇ ಹೆಡೆಯೆತ್ತಿದರು. ಶಾಂಘಾಯಿಯ ಫುದಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಶೆನ್ ಯಿ ಎಂಬವರು ಮುಂದೆ ನಿಂತು ಅವರನ್ನು ಹಳಿದರು. ನಿನ್ನೆಯವರೆಗೆ ದೇಶಭಕ್ತಶಿರೋಮಣಿಯಾಗಿದ್ದವರು ಒಂದೇ ದಿನದಲ್ಲಿ ಮೆದುಗರುಳಿನವರೂ ದ್ರೋಹಿಗಳೂ ಆದರು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಗಲ್ವಾನಿನ ಸಾವಿನ ಲೆಕ್ಕದ ಮಾತನ್ನೇ ಮತ್ತೊಬ್ಬನು ಆಡಿದನು. ಚೀನದ ಹಣಕಾಸಿನ ಪತ್ರಿಕೆಯೊಂದರಲ್ಲಿ ಹಿಂದೆ ಕೆಲಸ ಮಾಡಿದ್ದ ಚಿಯು ಜಿಮಿಂಗ್ ಎಂಬ ಬರಹಗಾರನು, ಸರ್ಕಾರವು ಕೊಟ್ಟ ನಾಲ್ಕು ಎಂಬ ಸಂಖ್ಯೆ ಪೂರ್ಣವೇ ಎಂದು ಸಂದೇಹವನ್ನು ಸೂಚಿಸಿದನು. ಹುತಾತ್ಮರ ಮಾನಹಾನಿ ಮಾಡಿದನೆಂದು ಅವನ ಮೇಲೆ ಆರೋಪ ಹೊರಿಸಿ, 2021ರ ಮೇ ಕೊನೆಯಲ್ಲಿ ನ್ಯಾಯಾಲಯವು ಅವನಿಗೆ ಎಂಟು ತಿಂಗಳ ಸೆರೆವಾಸವನ್ನು ವಿಧಿಸಿತು. ಸಾವಿನ ಸಂಗತಿಯನ್ನು ಒಬ್ಬರು ಎತ್ತಿದರೆ ಸಂಪಾದಕ ಪೀಠ, ಮತ್ತೊಬ್ಬರು ಎತ್ತಿದರೆ ಸೆರೆಮನೆ. ವ್ಯತ್ಯಾಸವು ಸತ್ಯದಲ್ಲಿ ಇರಲಿಲ್ಲ, ಅಪ್ಪಣೆಯಲ್ಲಿ ಇದ್ದಿತು. ಹು ಮಹಾಶಯರಿಗಿದ್ದದ್ದು ವಾಕ್ಸ್ವಾತಂತ್ರ್ಯವಲ್ಲ, ಪರವಾನಗಿ. ಪರವಾನಗಿಯನ್ನು ಕೊಟ್ಟವನು ಕೇಳಿದ ದಿನ ಅದನ್ನು ಹಿಂದಿರುಗಿಸಬೇಕಾಗುತ್ತದೆ.

ಆ ಪರವಾನಗಿಯ ಸ್ವರೂಪವು 2021ರ ನವೆಂಬರಿನಲ್ಲಿ ಲೋಕಕ್ಕೇ ಕಂಡಿತು. ಟೆನಿಸ್ ಆಟಗಾರ್ತಿ ಪೆಂಗ್ ಶುವಾಯಿ ಅವರು ಮಾಜಿ ಉಪಪ್ರಧಾನಿಯೊಬ್ಬರ ಮೇಲೆ ಗುರುತರವಾದ ಆಪಾದನೆಯನ್ನು ಮಾಡಿ ಕಣ್ಮರೆಯಾದಾಗ, ಆಕೆ ಕ್ಷೇಮವೆಂದು ತೋರಿಸಲು ಹು ಅವರು ಚಲಚ್ಚಿತ್ರಗಳನ್ನು ಟ್ವಿಟರಿನಲ್ಲಿ ಪ್ರಕಟಿಸಿದರು. ಅದೇ ಹೊತ್ತಿನಲ್ಲಿ ಚೀನದೊಳಗೆ ಆಕೆಯ ಆಪಾದನೆಯನ್ನು ಯಾರೂ ಓದದಂತೆ ಅಳಿಸಲಾಗಿದ್ದಿತು. ಪರಲೋಕದವರಿಗೆ ಹೇಳಬಹುದಾದುದನ್ನು ಮನೆಯವರಿಗೆ ಹೇಳಕೂಡದು! ತನ್ನ ಜನಕ್ಕೆ ಬೆನ್ನು ತಿರುಗಿಸಿ ಬೇರೆಯವರ ಬೀದಿಯಲ್ಲಿ ನಿಂತು ತನ್ನ ಜನದ ಕೀರ್ತಿಯನ್ನು ಸಾರುವ ಲೇಖಕನನ್ನು ರಾಷ್ಟ್ರದ ಧ್ವನಿಯೆಂದು ಕರೆಯಬಹುದೇ? ರಾಷ್ಟ್ರದ ಬಾಗಿಲ ಮುಂದೆ ನಿಂತ ಕಾವಲುಗಾರನೆಂದಾದರೂ ಕರೆಯೋಣವೆಂದರೆ, ಅವನು ಒಳಗಿನವರು ಹೊರಕ್ಕೆ ಬರದಂತೆ ಕಾಯುವವನು.

ಆ ಡಿಸೆಂಬರಿನಲ್ಲಿ ಅವರು ಸಂಪಾದಕತ್ವದಿಂದ ನಿವೃತ್ತರಾಗಿ ಪತ್ರಿಕೆಯ ವಿಶೇಷ ವ್ಯಾಖ್ಯಾನಕಾರರಾಗಿ ಉಳಿದರು. 2022ರ ಜುಲೈ ಕೊನೆಯಲ್ಲಿ ಅಮೆರಿಕದ ಪ್ರಜಾಪ್ರತಿನಿಧಿ ಸಭೆಯ ಅಧ್ಯಕ್ಷೆ ನ್ಯಾನ್ಸಿ ಪೆಲೋಸಿ ತೈವಾನಿಗೆ ಬರುವರೆಂಬ ಸುದ್ದಿ ಹಬ್ಬಿದಾಗ, ಅಮೆರಿಕದ ಯುದ್ಧವಿಮಾನಗಳು ಬೆಂಗಾವಲಾಗಿ ಬಂದರೆ ಎಚ್ಚರಿಕೆಯ ಗುಂಡು ಹಾರಿಸಬೇಕು, ಅದಕ್ಕೂ ಬಗ್ಗದಿದ್ದರೆ ವಿಮಾನವನ್ನು ಹೊಡೆದುರುಳಿಸಬೇಕು ಎಂದು ಬರೆದರು. ಆಮೇಲೆ ಅದನ್ನು ಅಳಿಸಬೇಕಾಯಿತು. ಆಗಸ್ಟ್ 2ರಂದು ಆಕೆ ಸುರಕ್ಷಿತವಾಗಿ ತೈವಾನಿನಲ್ಲಿ ಇಳಿದರು. ಆ ರಾತ್ರಿ ಚೀನದ ಉಗ್ರಾಭಿಮಾನಿಗಳ ಸಿಟ್ಟು ಅಮೆರಿಕದ ಮೇಲಿದ್ದಷ್ಟೇ ಹು ಅವರ ಮೇಲೆಯೂ ಹರಿಯಿತು. ಹುಲಿಯ ಸವಾರಿ ಮಾಡುವವನಿಗೆ ಇಳಿಯುವ ಜಾಗ ಯಾವುದೆಂಬುದು ಗೊತ್ತಿರಬೇಕು.

ಕಡೆಯ ಅಂಕವು 2024ರಲ್ಲಿ ನಡೆಯಿತು. ಪಕ್ಷದ ಕೇಂದ್ರ ಸಮಿತಿಯ ಮಹಾಧಿವೇಶನದ ನಿರ್ಣಯದಲ್ಲಿ, ಆರ್ಥಿಕ ವ್ಯವಸ್ಥೆಗೆ ಸಾರ್ವಜನಿಕ ಒಡೆತನವೇ ಆಧಾರವೆಂಬ ಹಳೆಯ ಮಾತು ಈ ಸಲ ಇಲ್ಲವೆಂದೂ, ಇದು ಖಾಸಗಿ ಉದ್ಯಮಕ್ಕೆ ಚರಿತ್ರಾರ್ಹವಾದ ಬದಲಾವಣೆಯೆಂದೂ ಅವರು ಜುಲೈಯಲ್ಲಿ ಬರೆದರು. ಬರೆದದ್ದು ಹೊಗಳಿಕೆಯೇ ಹೊರತು ಟೀಕೆಯಲ್ಲ. ಕೆಲವೇ ದಿನಗಳಲ್ಲಿ ಆ ಬರಹ ಮಾಯವಾಯಿತು, ಎರಡು ಕೋಟಿ ಓದುಗರ ಆ ಖಾತೆಯೂ ಮೂಕವಾಯಿತು. ಕಾರಣವನ್ನು ಯಾರೂ ಬಹಿರಂಗವಾಗಿ ತಿಳಿಸಲಿಲ್ಲ. ಮೂರು ತಿಂಗಳ ಮೇಲೆ, ಅಕ್ಟೋಬರಿನ ಕೊನೆಯ ದಿನ, ಆ ಖಾತೆ ಮತ್ತೆ ಮಾತನಾಡಿತು. ಮೂವತ್ತೈದು ವರ್ಷ ಪಕ್ಷದ ಉಪ್ಪನ್ನುಂಡು ಅದಕ್ಕಾಗಿ ಲೋಕವನ್ನೆಲ್ಲ ಎದುರುಹಾಕಿಕೊಂಡವರ ಬಾಯಿಗೆ ಬೀಗ ಬಿದ್ದಾಗ, ಅವರ ಪರವಾಗಿ ಮಾತನಾಡಬಲ್ಲ ಒಂದು ಸ್ವತಂತ್ರ ಪತ್ರಿಕೆಯೂ ಆ ದೇಶದಲ್ಲಿ ಉಳಿದಿರಲಿಲ್ಲ. ಏಕೆಂದರೆ ಅಂತಹ ಪತ್ರಿಕೆಗಳು ಅಳಿದಾಗ ಅದು ಸರಿಯೆಂದವರ ಸಾಲಿನಲ್ಲಿ ಅವರೇ ನಿಂತಿದ್ದರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಪರವಾನಗಿಯ ಪತ್ರಿಕಾವೃತ್ತಿ ಕನ್ನಡಿಗರಿಗೆ ಹೊಸದಲ್ಲ. 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆಯನ್ನು ನಡೆಸಕೂಡದೆಂಬ ಶಾಸನವು ಮೈಸೂರು ಸಂಸ್ಥಾನದಲ್ಲಿ ಜಾರಿಗೆ ಬಂದಿತು. ತಾತಯ್ಯನವರೆಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರ ಕಾಲದ ಪತ್ರಕರ್ತರು ಅದನ್ನು ನುಂಗಿಕೊಳ್ಳಲಿಲ್ಲ. ಅಪ್ಪಣೆಯ ಮಾತಿಗಿಂತ ಮೌನವೇ ಮೇಲೆಂದು ನಿಂತುಹೋದ ಪತ್ರಿಕೆಗಳುಂಟು. ಡಿ. ವಿ. ಗುಂಡಪ್ಪನವರು ಸಂಸ್ಥಾನವನ್ನು ಪ್ರೀತಿಸಿದವರು, ಮಹಾರಾಜರಲ್ಲಿ ಗೌರವವುಳ್ಳವರು. ಆದರೂ ದಿವಾನರ ತಪ್ಪನ್ನು ತಪ್ಪೆಂದು ಹೇಳಲು ಅವರ ಲೇಖನಿ ಅಳುಕಲಿಲ್ಲ. ರಾಜ್ಯವನ್ನು ಪ್ರೀತಿಸುವುದು ಬೇರೆ, ಸರ್ಕಾರವನ್ನು ಸ್ತುತಿಸುವುದು ಬೇರೆ ಎಂಬ ವಿವೇಕವನ್ನು ಕನ್ನಡದ ಪತ್ರಿಕೋದ್ಯಮವು ತೊಟ್ಟಿಲಲ್ಲೇ ಕಲಿತಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಮತ್ತೆ ಬೀಗ ಬಿದ್ದಾಗ, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಪ್ರಕಟವಾಯಿತು. ಆ ಬಿಳಿಯ ಜಾಗವನ್ನು ಓದದ ಭಾರತೀಯನಿರಲಿಲ್ಲ.

ಚಿಕ್ಕಮಗಳೂರಿಗೆ ಈ ವಿಷಯದಲ್ಲಿ ತನ್ನದೇ ಆದ ನೆನಪಿದೆ. ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟು, 1978ರ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ಇಲ್ಲಿ ನಿಂತರು. ಪತ್ರಿಕೆಗಳಿಗೆ ಬೀಗ ಹಾಕಿಸಿದವರೇ ಅಂದು ಮತದ ಭಿಕ್ಷೆಗಾಗಿ ನಮ್ಮ ತೋಟದ ಹಾದಿಗಳಲ್ಲಿ ನಡೆದರು. ಅವರನ್ನು ಹೊಗಳಿದವರೂ ಬರೆದರು, ತೆಗಳಿದವರೂ ಬರೆದರು. ಎರಡನ್ನೂ ಓದಿ, ಕೇಳಿ, ಈ ಜಿಲ್ಲೆಯ ಜನ ಎಪ್ಪತ್ತು ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಅವರನ್ನು ಗೆಲ್ಲಿಸಿದರು. ಆ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಈಗ ಕೈಹಾಕುವುದಿಲ್ಲ. ತೀರ್ಪು ಜನರದ್ದಾಗಿತ್ತು, ಎರಡು ಪಕ್ಷದ ವಾದವನ್ನೂ ಕೇಳಿ ಕೊಟ್ಟದ್ದಾಗಿತ್ತು. ಹು ಅವರ ಎರಡು ಕೋಟಿ ಓದುಗರಿಗೆ ಜೀವಮಾನದಲ್ಲಿ ಒಮ್ಮೆಯೂ ದೊರೆಯದ ಭಾಗ್ಯವದು.

ಹಾಗಾದರೆ ನಾವು ನಿಶ್ಚಿಂತರಾಗಿ ಕುಳಿತಿರಬಹುದೇ? ನಮ್ಮಲ್ಲಿ ಸಂವಿಧಾನವಿದೆ, ನ್ಯಾಯಾಲಯಗಳಿವೆ, ಚೀನಕ್ಕೂ ನಮಗೂ ಎಂತಹ ಹೋಲಿಕೆ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ಅಲ್ಲಿ ಸರ್ಕಾರವು ಬಾಯಿಗೆ ಕಟ್ಟುವ ಕುಕ್ಕೆಯನ್ನು ಇಲ್ಲಿ ನಮ್ಮವರು ತಾವಾಗಿಯೇ ಹೆಣೆದು ಕಟ್ಟಿಕೊಳ್ಳುವುದುಂಟು. ನೋಡುವವರ ಸಂಖ್ಯೆಯ ಆಸೆ, ಜಾಹೀರಾತಿನ ಆಸೆ, ಅಧಿಕಾರದಲ್ಲಿರುವವರ ಕಡೆಗಣ್ಣಿನ ಆಸೆ ಇವು ಕೂಡಿದಲ್ಲಿ ಪರವಾನಗಿಯ ಕಾನೂನೇ ಬೇಕಾಗುವುದಿಲ್ಲ. ಪ್ರತಿರಾತ್ರಿ ಒಬ್ಬ ದ್ರೋಹಿಯನ್ನು ಹುಡುಕಿ ತಂದು ಎದುರಿಗೆ ನಿಲ್ಲಿಸಿ ಕೂಗಾಡುವ ದೂರದರ್ಶನದ ವ್ಯಾಖ್ಯಾನಕಾರರು ನಮ್ಮ ದೇಶದಲ್ಲಿಯೂ ಕಡಿಮೆಯಿಲ್ಲ. ಆ ಕೂಗು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಅಡಗಿಹೋಗುವುದಿಲ್ಲ.

ಅದರ ಪರಿಣಾಮವನ್ನು ಕಾಣಬೇಕಾದರೆ ಕೊಯ್ಲಿನ ಕಾಲದಲ್ಲಿ ಮೂಡಿಗೆರೆಯ ಕಡೆಯ ತೋಟಗಳಿಗೆ ಹೋಗಿ ನೋಡಿರಿ. ಸ್ಥಳೀಯರು ಸಾಲದೆ, ನಮ್ಮ ಕಾಫಿಯನ್ನು ಕೊಯ್ಯಲು ಅಸ್ಸಾಮಿನಿಂದ ಕೂಲಿಗಳು ಬಂದು ಲೈನ್ ಮನೆಗಳಲ್ಲಿ ವಾಸಿಸಲು ತೊಡಗಿ ವರ್ಷಗಳಾದವು. ಅವರಲ್ಲಿ ಬಾಂಗ್ಲಾದೇಶದಿಂದ ನುಸುಳಿ ಬಂದವರು ಇರಬಹುದೆಂಬ ಶಂಕೆ ಆಗಾಗ ಏಳುತ್ತದೆ. ಗಡಿಯನ್ನು ಕಳ್ಳತನದಿಂದ ದಾಟಿ ಬಂದವರನ್ನು ಪತ್ತೆಮಾಡುವುದು ಸರ್ಕಾರದ ಕರ್ತವ್ಯ. ಅದನ್ನು ಪೊಲೀಸರು ಕಾಗದಪತ್ರಗಳನ್ನು ಪರೀಕ್ಷಿಸಿ ಕ್ರಮವಾಗಿ ಮಾಡಲಿ, ನಮ್ಮ ಬೆಂಬಲವುಂಟು. ಆದರೆ ಫೋನಿನಲ್ಲಿ ಯಾವನೋ ಉರಿಗಣ್ಣಿನಿಂದ ಕೂಗಿದ್ದನ್ನು ಕೇಳಿ, ಮಾತು ತಿಳಿಯದ ಒಬ್ಬ ಬಡ ಹೆಂಗಸನ್ನು ಸಂತೆಯಲ್ಲಿ ಅಡ್ಡಗಟ್ಟಿ ನೀನು ಯಾವ ದೇಶದವಳೆಂದು ಗದರಿಸುವುದು ದೇಶಸೇವೆಯೇ? ಅಸ್ಸಾಮು ಭಾರತದಲ್ಲಿದೆಯೆಂಬುದನ್ನು ಮರೆಸುವ ರಾಷ್ಟ್ರಾಭಿಮಾನವು ಎಂತಹ ರಾಷ್ಟ್ರಾಭಿಮಾನ? ಯೆಮೆನಿನಿಂದ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸೀಮೆ ನಮ್ಮದು. ಪರಸೀಮೆಯಿಂದ ಬಂದದ್ದನ್ನು ಬೇರೂರಿಸಿಕೊಂಡು, ಬೆಳೆದದ್ದರಲ್ಲಿ ಬಹುಪಾಲನ್ನು ಪರದೇಶಗಳಿಗೆ ಕಳುಹಿಸಿ ಬದುಕುತ್ತಿರುವ ನಮಗೆ ಲೋಕದ ಮೇಲೆಲ್ಲ ಹಲ್ಲು ಮಸೆಯುವ ಪತ್ರಿಕಾವೃತ್ತಿಯಿಂದ ಬರುವ ಲಾಭವೇನು?

ರಾಷ್ಟ್ರಾಭಿಮಾನವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ಗಲ್ವಾನಿನಲ್ಲಿ ಮಡಿದವರ ಋಣ ನಮ್ಮ ಮೇಲಿದೆ. ಗಡಿಯ ವಿಷಯದಲ್ಲಿ ಚೀನದ ಸರ್ಕಾರವನ್ನು ನಂಬಿ ಮೈಮರೆಯತಕ್ಕದ್ದಲ್ಲವೆಂಬುದನ್ನು 1962 ನಮಗೆ ಕಲಿಸಿದೆ. ನಾವು ಹೇಳುವುದಿಷ್ಟೆ: ದೇಶಾಭಿಮಾನಿಯಾದ ಪತ್ರಕರ್ತನನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಪರರಿಗೆ ಹೇಳುವ ಸತ್ಯವನ್ನು ಅವನು ತನ್ನ ಜನಕ್ಕೂ ಹೇಳುತ್ತಾನೆಯೇ? ತನ್ನ ಸರ್ಕಾರವು ತಪ್ಪಿದಾಗ, ದೇಶದ ಹೆಸರಿನಲ್ಲಿಯೇ ಅದನ್ನು ಎದುರಿಸುತ್ತಾನೆಯೇ? ತನ್ನ ವಿರೋಧಿಯ ಬಾಯಿಯನ್ನು ಕಟ್ಟಿದ ದಿನ ಅವನಿಗಾಗಿ ಮಾತನಾಡುತ್ತಾನೆಯೇ? ಹು ಶಿಜಿನ್ ಅವರು ಮೊದಲನೆಯ ಪ್ರಶ್ನೆಯಲ್ಲಿ ಕೆಲವು ಸಲ ಮಾತ್ರ ಗೆದ್ದರು, ಭಾರತದ ಚಿತೆಗಳ ವಿಷಯದಲ್ಲಿ ಎರಡನೆಯದರಲ್ಲಿ ಒಮ್ಮೆ ಗೆದ್ದರು, ಮೂರನೆಯದರಲ್ಲಿ ಸೋತರು. ಆ ಸೋಲಿನ ಬೆಲೆಯನ್ನು 2024ರಲ್ಲಿ ಅವರೇ ತೆತ್ತರು.

ಈ ಪ್ರಶ್ನೆಗಳನ್ನು ನಮ್ಮ ವಾಚಕರು ನಮ್ಮನ್ನೂ ಕೇಳಬೇಕು. ಕೇಳಿದಾಗ ನಾವು ಮುಖ ತಿರುಗಿಸಿದರೆ, ಈ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಡುವ ಅಧಿಕಾರವು ಅವರಿಗಿದೆ. ಚೀನದ ವಾಚಕನಿಗೆ ಆ ಅಧಿಕಾರದ ಬೆಲೆ ಎಷ್ಟೆಂಬುದು ಗೊತ್ತು. ನಮಗೆ ಅದು ಬೆಲೆಯಿಲ್ಲದೆ ಬಂದುದಲ್ಲ. ಸೆರೆಮನೆಗೆ ಹೋದ ಸಂಪಾದಕರೂ ನಿಂತುಹೋದ ಪತ್ರಿಕೆಗಳೂ ಅದನ್ನು ನಮ್ಮ ಕೈಗೆ ತಂದುಕೊಟ್ಟಿವೆ. ಅದನ್ನು ಉಳಿಸಿಕೊಳ್ಳುವುದೇ ನಮ್ಮ ದೇಶಾಭಿಮಾನದ ಮೊದಲನೆಯ ಕೆಲಸವಾಗಲಿ.